ಬೇಸಿಗೆಯ ಗಣಿತ–ವಿಜ್ಞಾನ ವಸತಿ ಶಿಬಿರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಹದಿನಾಲ್ಕರಿಂದ ಹದಿನೆಂಟರ ನಡುವಿನ, ಗಣಿತ–ವಿಜ್ಞಾನದಲ್ಲಿ ತರಗತಿಯನ್ನು ಮೀರಿ ಓಡುವ ಮಕ್ಕಳಿಗಾಗಿ ಬೇಸಿಗೆ ರಜೆಯಲ್ಲಿ ನಡೆಯುವ ವಸತಿ ಶಿಬಿರಗಳ ಬಗ್ಗೆ ಬಂದ ಪ್ರಶ್ನೆಗಳಿವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಇಂಥ ಶಿಬಿರಗಳಲ್ಲಿ ಏನು ಕಲಿಸುತ್ತಾರೆ? ಮುಂದಿನ ವರ್ಷದ ಪಾಠಗಳನ್ನು ಮೊದಲೇ ಮುಗಿಸಿಬಿಡುತ್ತಾರೆಯೇ?

ಕೆಲವು ಕಡೆ ಹಾಗೆಯೇ ನಡೆಯುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಶುರುಮಾಡಿದ ಅಧ್ಯಯನದಿಂದ ಬೆಳೆದ ಪರಂಪರೆ ಇದು. ಹನ್ನೆರಡು–ಹದಿಮೂರು ವರ್ಷದವರಿಗೆ ಕಾಲೇಜು ಪ್ರವೇಶದ ಪರೀಕ್ಷೆಯನ್ನೇ ಕೊಟ್ಟು, ಚೆನ್ನಾಗಿ ಮಾಡಿದವರಿಗೆ ಒಂದು ವರ್ಷದ ಬೀಜಗಣಿತವನ್ನು ಮೂರೇ ವಾರದಲ್ಲಿ ಮುಗಿಸಲು ಬಿಡುವುದು ಅದರ ರೀತಿ.

ಇನ್ನೊಂದು ಪರಂಪರೆ ಇದಕ್ಕಿಂತ ಹಳೆಯದು, ನಮಗೆ ಹೆಚ್ಚು ಇಷ್ಟವಾದದ್ದು. 1957ರಲ್ಲಿ ನೊಟ್ರ ಡಾಮ್ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞ ಆರ್ನಲ್ಡ್ ರಾಸ್ ಹೈಸ್ಕೂಲು ಮಕ್ಕಳಿಗಾಗಿ ಒಂದು ಬೇಸಿಗೆ ಕಾರ್ಯಕ್ರಮ ಆರಂಭಿಸಿದರು. 1964ರಲ್ಲಿ ಅದು ಅವರ ಜೊತೆಗೇ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಆ ಕಾರ್ಯಕ್ರಮದಲ್ಲಿ ಪಾಠ ಶುರುವಾಗುವುದು ಎಲ್ಲರಿಗೂ ಗೊತ್ತಿರುವ ಪೂರ್ಣಾಂಕಗಳಿಂದ. ಕೂಡುವುದು, ಗುಣಿಸುವುದು, ಶೇಷ ಉಳಿಯುವುದು, ಅಷ್ಟೇ. ಆದರೆ ಸೊನ್ನೆಯಿಂದ ಯಾವ ಸಂಖ್ಯೆಯನ್ನು ಗುಣಿಸಿದರೂ ಸೊನ್ನೆಯೇ ಏಕೆ ಎಂಬುದನ್ನೂ ಮೂಲ ನಿಯಮಗಳಿಂದ ಸಾಧಿಸಿ ತೋರಿಸಬೇಕು. ಅಲ್ಲಿಂದ ಹೊರಟವರು ಆರು ವಾರ ಮುಗಿಯುವಷ್ಟರಲ್ಲಿ ವರ್ಗಶೇಷಗಳ (ವರ್ಗಸಂಖ್ಯೆಗಳನ್ನು ಭಾಗಿಸಿದಾಗ ಉಳಿಯುವ ಶೇಷಗಳ) ಬಗ್ಗೆ ಜರ್ಮನ್ ಗಣಿತಜ್ಞ ಗೌಸ್ ಸಾಧಿಸಿದ ಪ್ರಮೇಯದವರೆಗೆ ಬಂದಿರುತ್ತಾರೆ.

ದಿನಕ್ಕೊಂದು ಉಪನ್ಯಾಸ, ದಿನಕ್ಕೊಂದು ಲೆಕ್ಕದ ಹಾಳೆ. ಆ ಹಾಳೆಯ ಕೆಲವು ಹೇಳಿಕೆಗಳು ಬೇಕೆಂದೇ ತಪ್ಪಾಗಿರುತ್ತವೆ. ‘ಸಾಧಿಸಿ, ಇಲ್ಲವೇ ಅಲ್ಲಗಳೆಯಿರಿ, ಸಾಧ್ಯವಾದರೆ ಉಳಿಸಿಕೊಳ್ಳಿ’ ಎಂಬುದು ಅಲ್ಲಿನ ಸೂಚನೆ. ಉದಾಹರಣೆಗೆ ಈ ಹೇಳಿಕೆ: ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವನ್ನು ಭಾಗಿಸಿದರೆ, ಆ ಎರಡರಲ್ಲಿ ಒಂದನ್ನಾದರೂ ಭಾಗಿಸಲೇಬೇಕು. 6 ಎಂಬುದು 4 × 3 = 12ನ್ನು ಭಾಗಿಸುತ್ತದೆ, 4ನ್ನೂ ಇಲ್ಲ, 3ನ್ನೂ ಇಲ್ಲ. ಹೇಳಿಕೆ ಬಿತ್ತು. ಉಳಿಸುವುದು ಹೇಗೆ? ಭಾಜಕ ಅವಿಭಾಜ್ಯವಾಗಿರಲಿ ಎಂದರೆ ನಿಲ್ಲುತ್ತದೆ. ಇನ್ನೂ ಚೂಟಿಯಾದವರು, ಭಾಜಕಕ್ಕೂ ಮೊದಲನೆಯ ಸಂಖ್ಯೆಗೂ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಸಾಕು, ಅದು ಎರಡನೆಯದನ್ನು ಭಾಗಿಸಲೇಬೇಕು ಎನ್ನುತ್ತಾರೆ. ಒಂದು ಸುಳ್ಳು ಹೇಳಿಕೆಯನ್ನು ದುರಸ್ತಿ ಮಾಡುತ್ತಾ ಹೋದ ಹುಡುಗಿ ಒಂದು ಪ್ರಮೇಯವನ್ನೇ ಕಂಡುಕೊಂಡಳು.

ತರಗತಿಯಲ್ಲಿ ಈಗಾಗಲೇ ಎಲ್ಲರಿಗಿಂತ ಮುಂದಿರುವ ಹದಿನೈದರ ಮಗುವಿಗೆ ಇನ್ನಷ್ಟು ಮುಂದೆ ಓಡುವುದರಿಂದ ಸಿಗುವುದು ಕಡಿಮೆ. ಉತ್ತರ ಎರಡು ನಿಮಿಷದಲ್ಲಿ ಹೊಳೆಯದ ಲೆಕ್ಕದ ಮುಂದೆ ಎರಡು ದಿನ ಕೂರುವ ಅವಕಾಶ ಅದಕ್ಕೆ ಶಾಲೆಯಲ್ಲಿ ಸಿಕ್ಕೇ ಇರುವುದಿಲ್ಲ. ಶಿಬಿರ ಆರಿಸುವಾಗ ನೋಡಬೇಕಾದದ್ದು ಇದನ್ನೇ.

ಪ್ರಶ್ನೆ: ಹೆಸರಾಂತ ಶಿಬಿರಗಳು ಯಾವುವು? ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ?

ರಾಸ್ ಕಾರ್ಯಕ್ರಮದಲ್ಲಿ ಕಲಿತವರೇ ಕೂಡಿ 1989ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ್ದು ಪ್ರಾಮಿಸ್. ಅದೂ ಆರು ವಾರ, ಅದರಲ್ಲೂ ಮೊದಲ ವರ್ಷದವರಿಗೆ ಸಂಖ್ಯಾಸಿದ್ಧಾಂತವೇ (ಪೂರ್ಣಾಂಕಗಳ ಗುಣಗಳ ಅಧ್ಯಯನವೇ) ಬೆನ್ನೆಲುಬು. ಹಾಳೆಯಲ್ಲಿ ಮೊದಲು ಬರಿಯ ಸಂಖ್ಯೆಗಳ ಲೆಕ್ಕ, ಆಮೇಲೆ ಅದರಲ್ಲಿ ಕಂಡ ಕ್ರಮ, ಕೊನೆಗೆ ಸಾಧನೆ, ಅಂದರೆ ಆ ಕ್ರಮ ಯಾವಾಗಲೂ ನಿಜ ಎಂಬುದರ ತಾರ್ಕಿಕ ರುಜುವಾತು. 2015ರಿಂದ ಆಕ್ಸ್‌ಫರ್ಡ್‌ನಲ್ಲಿ ಇದರ ಯುರೋಪ್ ಶಾಖೆ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪ್ರಾಮಿಸ್ ಇಂಡಿಯಾ ನಡೆದಿದೆ.

1993ರಲ್ಲಿ ಆರಂಭವಾದ ಕೆನಡಾ/ಯುಎಸ್‌ಎ ಮ್ಯಾಥ್‌ಕ್ಯಾಂಪ್‌ನ ಸ್ವಭಾವ ಇದಕ್ಕೆ ವಿರುದ್ಧ. ಐದು ವಾರ, 13ರಿಂದ 18 ವರ್ಷದವರು, ದಿನವೂ ಹತ್ತಾರು ತರಗತಿಗಳ ಪಟ್ಟಿ. ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಅಂಕ ಇಲ್ಲ, ಪರೀಕ್ಷೆ ಇಲ್ಲ. ಒಂದೇ ದಾರಿಯಲ್ಲಿ ಆಳಕ್ಕೆ ಇಳಿಯುವ ಮನಸ್ಸಿನವರಿಗೆ ರಾಸ್, ಪ್ರಾಮಿಸ್. ಏನೇನಿದೆ ಎಂದು ನೋಡಬೇಕೆನ್ನುವವರಿಗೆ ಮ್ಯಾಥ್‌ಕ್ಯಾಂಪ್. ಯಾರೂ ಹೇಳದೆ ತಾವೇ ಎದ್ದು ಕೆಲಸಕ್ಕೆ ಕೂರುವ ಅಭ್ಯಾಸ ಇಲ್ಲದವರು ಈ ಎರಡನೆಯ ಬಗೆಯಲ್ಲಿ ದಾರಿ ತಪ್ಪುವುದುಂಟು.

ವಿಜ್ಞಾನದ ಕಡೆ ಎರಡು ಹೆಸರು ಮುಖ್ಯ. 1959ರಲ್ಲಿ ಕ್ಯಾಲಿಫೋರ್ನಿಯಾದ ಓಹಾಯ್ ಎಂಬಲ್ಲಿ ಆರಂಭವಾದ ಸಮರ್ ಸೈನ್ಸ್ ಪ್ರೋಗ್ರಾಮ್. 1984ರಲ್ಲಿ ಶುರುವಾಗಿ ಈಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್. ಎರಡನೆಯದರಲ್ಲಿ ಆಯ್ಕೆಯಾದವರಿಗೆ ಬೋಧನೆ, ಊಟ, ವಸತಿ ಎಲ್ಲ ಉಚಿತ. ಇವೆರಡೂ ಹೆಚ್ಚಾಗಿ ಶಾಲೆಯ ಕೊನೆಯ ವರ್ಷಕ್ಕೆ ಕಾಲಿಡುವವರಿಗೆ, ಆದ್ದರಿಂದ ಒಂಬತ್ತು–ಹತ್ತನೇ ತರಗತಿಯವರು ಮೊದಲು ಗಣಿತ ಶಿಬಿರಗಳನ್ನು ನೋಡುವುದು ಒಳ್ಳೆಯದು.

ಅರ್ಜಿಗಳ ಕಾಲ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್. ಕೆಲವಕ್ಕೆ ಡಿಸೆಂಬರ್‌ನಲ್ಲೇ ಬಾಗಿಲು ಮುಚ್ಚುತ್ತದೆ. ವಯಸ್ಸು, ಕೊನೆಯ ದಿನ, ಹೊರದೇಶದವರಿಗೆ ಪ್ರವೇಶ ಇದೆಯೇ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಿ.

ಪ್ರಶ್ನೆ: ಅರ್ಜಿಯ ಜೊತೆ ಏಳೆಂಟು ಕಠಿಣ ಲೆಕ್ಕ ಕೊಟ್ಟಿದ್ದಾರೆ. ಎಲ್ಲವನ್ನೂ ಬಿಡಿಸಲೇಬೇಕೇ? ಹೇಗೆ ಬರೆಯಬೇಕು?

ಎಲ್ಲವನ್ನೂ ಬಿಡಿಸಬೇಕಿಲ್ಲ. ಓದುವವರು ನೋಡುವುದು ನೀವು ಯೋಚಿಸುವ ರೀತಿಯನ್ನು. ಒಂದು ಪ್ರಸಿದ್ಧ ಲೆಕ್ಕವನ್ನೇ ತೆಗೆದುಕೊಂಡು ತೋರಿಸುತ್ತೇವೆ: ಯಾವ ಧನ ಪೂರ್ಣಾಂಕಗಳನ್ನು ಒಂದರ ಹಿಂದೆ ಒಂದು ಬರುವ ಎರಡು ಅಥವಾ ಹೆಚ್ಚು ಧನ ಪೂರ್ಣಾಂಕಗಳ ಮೊತ್ತವಾಗಿ ಬರೆಯಬಹುದು?

ಮೊದಲು 1ರಿಂದ 20ರವರೆಗೆ ಕೈಯಾರೆ ಮಾಡಿ. 3 = 1 + 2, 5 = 2 + 3, 6 = 1 + 2 + 3, 14 = 2 + 3 + 4 + 5. ಆಗದೆ ಉಳಿಯುವವು 1, 2, 4, 8, 16. ಎರಡರ ಘಾತಗಳು ಮಾತ್ರ ಆಗುವುದಿಲ್ಲ ಎಂಬ ಊಹೆ ಹುಟ್ಟಿತು. ಈ ಪಟ್ಟಿಯನ್ನು ಉತ್ತರದಲ್ಲಿ ಸೇರಿಸಿ, ಅಳಿಸಿಹಾಕಬೇಡಿ.

ಈಗ ಸಾಧನೆ. ಸಂಖ್ಯೆ ‘ನ’, ಮೊದಲ ಪದ ‘ಅ’, ಪದಗಳ ಎಣಿಕೆ ‘ಕ’ ಆಗಿರಲಿ. ಮೊತ್ತದ ಸೂತ್ರದಿಂದ 2ನ = ಕ × (2ಅ + ಕ − 1). ಬಲಗಡೆಯ ಎರಡು ಅಪವರ್ತನಗಳಲ್ಲಿ ಒಂದು ಸಮವಾದರೆ ಇನ್ನೊಂದು ಬೆಸ, ಏಕೆಂದರೆ ಅವುಗಳ ವ್ಯತ್ಯಾಸ 2ಅ − 1, ಅದು ಬೆಸ. ಎರಡೂ 1ಕ್ಕಿಂತ ದೊಡ್ಡವು. ಅಂದರೆ 2ನಕ್ಕೆ 1ಕ್ಕಿಂತ ದೊಡ್ಡ ಬೆಸ ಅಪವರ್ತನ ಇರಲೇಬೇಕು. ಎರಡರ ಘಾತಕ್ಕೆ ಅದಿಲ್ಲ. ಹಾಗಾಗಿ ಎರಡರ ಘಾತಗಳನ್ನು ಹೀಗೆ ಬರೆಯಲಾಗದು.

ಬಹಳಷ್ಟು ಮಂದಿ ಇಲ್ಲಿಗೆ ಪೆನ್ನು ಕೆಳಗಿಡುತ್ತಾರೆ. ಆಗಿರುವುದು ಅರ್ಧ ಕೆಲಸ ಮಾತ್ರ. ಉಳಿದ ಎಲ್ಲ ಸಂಖ್ಯೆಗಳನ್ನೂ ಬರೆಯಬಹುದು ಎಂಬುದನ್ನೂ ತೋರಿಸಬೇಕು. ನ ಎರಡರ ಘಾತ ಅಲ್ಲದಿದ್ದರೆ 2ನವನ್ನು ಒಂದು ಬೆಸ ಮತ್ತು ಒಂದು ಸಮ ಅಪವರ್ತನವಾಗಿ, ಎರಡೂ 1ಕ್ಕಿಂತ ದೊಡ್ಡದಾಗುವಂತೆ ಒಡೆಯಬಹುದು. ಚಿಕ್ಕದನ್ನು ಕ ಎನ್ನಿ, ದೊಡ್ಡದನ್ನು 2ಅ + ಕ − 1 ಎನ್ನಿ. 11ಕ್ಕೆ 22 = 2 × 11; ಕ = 2 ಆದರೆ ಅ = 5, ಅಂದರೆ 5 + 6. ಚಿಕ್ಕದನ್ನೇ ಕ ಎನ್ನಬೇಕು ಎಂಬ ಎಚ್ಚರ ಇಲ್ಲದೆ ಕ = 11 ಎಂದುಕೊಂಡರೆ ಅ = −4 ಬರುತ್ತದೆ. −4ರಿಂದ 6ರವರೆಗೆ ಕೂಡಿದರೆ 11 ಬರುವುದು ನಿಜ, ಆದರೆ ಪ್ರಶ್ನೆ ಕೇಳಿದ್ದು ಧನ ಪೂರ್ಣಾಂಕಗಳನ್ನು. ಆ ‘ಧನ’ ಎಂಬ ಪದವನ್ನು ಎಲ್ಲಿ ಬಳಸಿಕೊಂಡಿರಿ ಎಂದು ಸಾಧನೆಯಲ್ಲಿ ಬೆರಳಿಟ್ಟು ತೋರಿಸಲು ಬರಬೇಕು. ಪ್ರಶ್ನೆಯ ಒಂದು ಷರತ್ತು ಉತ್ತರದಲ್ಲಿ ಎಲ್ಲೂ ಬಳಕೆಯಾಗಿಲ್ಲ ಎಂದರೆ, ಬಹುಪಾಲು ಸಂದರ್ಭಗಳಲ್ಲಿ ಸಾಧನೆಯಲ್ಲಿ ಎಲ್ಲೋ ತೂತಿದೆ.

ಒಂದು ಲೆಕ್ಕಕ್ಕೆ ಹಲವು ದಿನ ಕೊಡಿ. ಪೂರ್ತಿ ಆಗದಿದ್ದರೆ ಎಲ್ಲಿಯವರೆಗೆ ಬಂದಿರಿ, ಏನನ್ನು ಪ್ರಯತ್ನಿಸಿ ಬಿಟ್ಟಿರಿ, ಯಾವ ವಿಶೇಷ ಸಂದರ್ಭದಲ್ಲಿ ಸಾಧನೆ ಸಿಕ್ಕಿತು ಎಂದು ಸ್ಪಷ್ಟವಾಗಿ ಬರೆಯಿರಿ. ‘ಇದು ಊಹೆ, ಸಾಧಿಸಿಲ್ಲ’ ಎಂದು ಒಪ್ಪಿಕೊಂಡ ಸಾಲಿಗೆ ಬೆಲೆಯಿದೆ. ಸಾಧಿಸದ್ದನ್ನು ‘ಸ್ಪಷ್ಟವಾಗಿಯೇ’ ಎಂಬ ಪದದ ಕೆಳಗೆ ಮುಚ್ಚಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಕೊನೆಗೆ ಹೊಸ ಹಾಳೆಯ ಮೇಲೆ ಶುದ್ಧ ಪ್ರತಿ ಬರೆದು, ಒಂದು ದಿನ ಬಿಟ್ಟು ಮತ್ತೆ ಓದಿ.

ಪ್ರಶ್ನೆ: ಈ ಲೆಕ್ಕಗಳಿಗೆ ಟ್ಯೂಷನ್ ಮೇಷ್ಟ್ರ ಅಥವಾ ಎಐ ಸಹಾಯ ಪಡೆಯಬಹುದೇ?

ಬೇಡ. ಗೊತ್ತಿಲ್ಲದ ಪದದ ಅರ್ಥವನ್ನು ಪುಸ್ತಕದಲ್ಲೋ ಅಂತರ್ಜಾಲದಲ್ಲೋ ನೋಡಲು ಕೆಲವು ಶಿಬಿರಗಳು ಬಿಡುತ್ತವೆ. ಎಷ್ಟಕ್ಕೆ ಅವಕಾಶ ಎಂಬುದನ್ನು ಅರ್ಜಿಯಲ್ಲೇ ಬರೆದಿರುತ್ತಾರೆ. ಲೆಕ್ಕದ ಉತ್ತರ ಹುಡುಕುವುದು, ಇನ್ನೊಬ್ಬರಿಂದ ಬಿಡಿಸಿಕೊಳ್ಳುವುದು ತಪ್ಪು. ನಿಯಮದ ಮಾತು ಹಾಗಿರಲಿ, ಶಿಬಿರದಲ್ಲಿ ದಿನವೂ ಬರುವುದು ಇದೇ ಬಗೆಯ ಲೆಕ್ಕ. ಬೇರೆಯವರ ಉತ್ತರದಿಂದ ಒಳಗೆ ಹೋದ ಮಗು ಆರು ವಾರ ನರಳುತ್ತದೆ. ಇನ್ನೊಂದು ಮಾತು: ಈ ಲೆಕ್ಕಗಳ ಮುಂದೆ ಕುಳಿತಾಗ ನಿಮಗೆ ಬೇಸರ ಬಂದರೆ ಆ ಶಿಬಿರ ನಿಮಗೆ ಹೇಳಿದ್ದಲ್ಲ; ಊಟಕ್ಕೆ ಕರೆದರೂ ಏಳಲು ಮನಸ್ಸಾಗದಿದ್ದರೆ ಖಂಡಿತ ಅರ್ಜಿ ಹಾಕಿ.

ಪ್ರಶ್ನೆ: ಶಿಫಾರಸು ಪತ್ರ ಯಾರಿಂದ ಬರೆಸಬೇಕು? ಮುಖ್ಯೋಪಾಧ್ಯಾಯರು ಬರೆದರೆ ತೂಕ ಹೆಚ್ಚೇ?

ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಗಣಿತ ಅಥವಾ ವಿಜ್ಞಾನ ಶಿಕ್ಷಕರಿಂದ ಬರೆಸಿ. ‘ತರಗತಿಗೆ ಮೊದಲಿಗಳು, ವಿನಯವಂತೆ’ ಎಂಬುದು ಅಂಕಪಟ್ಟಿಯಲ್ಲೇ ಇರುವ ಸುದ್ದಿ. ‘ಪಠ್ಯದ ಸಾಧನೆಯಲ್ಲಿ ಒಂದು ಹಂತ ಬಿಟ್ಟುಹೋಗಿದೆ ಎಂದು ಹೇಳಿ, ಮರುದಿನ ತಾನೇ ಅದನ್ನು ತುಂಬಿ ತಂದಳು’ ಎಂಬಂಥ ಒಂದೇ ಒಂದು ನಿಜವಾದ ಘಟನೆ ಸಾಕು. ಶಿಕ್ಷಕರಿಗೆ ಕನಿಷ್ಠ ಮೂರು ವಾರ ಮುಂಚೆ ಹೇಳಿ, ಶಿಬಿರದ ಸ್ವರೂಪವನ್ನು ಅರ್ಧ ಪುಟದಲ್ಲಿ ಬರೆದುಕೊಡಿ.

ಪ್ರಶ್ನೆ: ವಿಜ್ಞಾನ ಶಿಬಿರದಲ್ಲಿ ಮಕ್ಕಳು ನಿಜವಾಗಿ ಸಂಶೋಧನೆ ಮಾಡುತ್ತಾರೆಯೇ, ಅಥವಾ ಬರೀ ಪ್ರದರ್ಶನವೇ?

ಸಮರ್ ಸೈನ್ಸ್ ಪ್ರೋಗ್ರಾಮ್‌ನ ಖಗೋಳ ವಿಭಾಗ ಇದಕ್ಕೆ ಒಳ್ಳೆಯ ಉತ್ತರ. ಮೂವರ ತಂಡ ಭೂಮಿಯ ಸಮೀಪ ಬರುವ ಒಂದು ಕ್ಷುದ್ರಗ್ರಹವನ್ನು ಆರಿಸಿಕೊಂಡು, ಅದರ ಚಿತ್ರಗಳನ್ನು ದೂರದರ್ಶಕದಿಂದ ತಾವೇ ತೆಗೆದು, ಕಕ್ಷೆಯನ್ನು ತಾವೇ ಬರೆದ ಕಂಪ್ಯೂಟರ್ ಪ್ರೋಗ್ರಾಮಿನಿಂದ ಲೆಕ್ಕಹಾಕಬೇಕು.

ಕಕ್ಷೆಯನ್ನು ಪೂರ್ತಿ ಹೇಳಲು ಆರು ಸಂಖ್ಯೆ ಬೇಕು. ಒಂದು ವೀಕ್ಷಣೆಯಿಂದ ಸಿಗುವುದು ಎರಡು ಕೋನ ಮಾತ್ರ, ದೂರ ಗೊತ್ತಾಗುವುದಿಲ್ಲ. ಹಾಗಾಗಿ ಕನಿಷ್ಠ ಮೂರು ವೀಕ್ಷಣೆ. ಗೌಸ್ 24ರ ವಯಸ್ಸಿನಲ್ಲಿ ರೂಪಿಸಿದ ವಿಧಾನ ಇದು: 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಜಿ ಕಂಡ ಸೆರೆಸ್ ಎಂಬ ಕಾಯ ಸೂರ್ಯನ ಬೆಳಕಿನಲ್ಲಿ ಮರೆಯಾಗಿತ್ತು. ಗೌಸ್ ಹಾಕಿಕೊಟ್ಟ ಲೆಕ್ಕದ ಆಧಾರದ ಮೇಲೆ ಅದೇ ವರ್ಷದ ಕೊನೆಯ ದಿನ ಅದು ಮತ್ತೆ ಸಿಕ್ಕಿತು.

ಕೆಲಸ ಹೀಗೆ ಸಾಗುತ್ತದೆ. ಒಂದೇ ರಾತ್ರಿ ಕೆಲವು ನಿಮಿಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಒಂದಾದ ಮೇಲೊಂದು ಬದಲಿಸಿ ನೋಡಿದರೆ ನಕ್ಷತ್ರಗಳು ನಿಂತಲ್ಲೇ ನಿಂತು, ಕ್ಷುದ್ರಗ್ರಹದ ಚುಕ್ಕೆ ಮಾತ್ರ ಜರುಗುತ್ತದೆ. ಆ ಚುಕ್ಕೆಯ ಕೇಂದ್ರವನ್ನು ಪಿಕ್ಸೆಲ್‌ಗಳಲ್ಲಿ ಅಳೆದು, ಸ್ಥಾನ ಗೊತ್ತಿರುವ ನಕ್ಷತ್ರಗಳ ಸಹಾಯದಿಂದ ಆಕಾಶದ ಕೋನಗಳಿಗೆ ಬದಲಾಯಿಸಬೇಕು. ಈ ಬದಲಾವಣೆಯ ಸೂತ್ರದಲ್ಲಿ ಆರು ಸ್ಥಿರಾಂಕಗಳಿವೆ. ಒಂದು ನಕ್ಷತ್ರ ಎರಡು ಸಮೀಕರಣ ಕೊಡುವುದರಿಂದ ಮೂರು ನಕ್ಷತ್ರ ಸಾಕು ಎನ್ನಿಸಬಹುದು. ಮೂರೇ ಇಟ್ಟುಕೊಂಡರೆ ಒಂದನ್ನು ತಪ್ಪಾಗಿ ಗುರುತಿಸಿದರೂ ಗೊತ್ತಾಗುವುದಿಲ್ಲ, ಲೆಕ್ಕ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಹತ್ತು–ಹನ್ನೆರಡು ಇದ್ದರೆ ತಪ್ಪಿದ್ದು ತಾನೇ ಎದ್ದು ಕಾಣುತ್ತದೆ.

ಕೆಡುವುದು ಎಲ್ಲೆಲ್ಲಿ? ಮೊದಲನೆಯದು ಸಮಯ. ಚಿತ್ರ ತೆಗೆಯಲು ಶುರುಮಾಡಿದ ಹೊತ್ತನ್ನಲ್ಲ, ಅದರ ನಡುವಿನ ಹೊತ್ತನ್ನು ಬರೆದುಕೊಳ್ಳಬೇಕು. ನಿಮಿಷಕ್ಕೆ 2 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು) ಜರುಗುವ ಕಾಯದಲ್ಲಿ 30 ಸೆಕೆಂಡಿನ ತಪ್ಪು ಎಂದರೆ 1 ಆರ್ಕ್‌ಸೆಕೆಂಡಿನ ತಪ್ಪು. ಎರಡನೆಯದು ವೀಕ್ಷಣೆಗಳ ನಡುವಿನ ಅಂತರ. ಮೂರೂ ಒಂದೆರಡು ರಾತ್ರಿಯೊಳಗೇ ಆದರೆ ಹಾದಿಯ ಬಾಗು ಅಳತೆಯ ದೋಷಕ್ಕಿಂತ ಚಿಕ್ಕದಾಗಿ, ಉತ್ತರ ಎಲ್ಲೆಲ್ಲಿಗೋ ಹಾರುತ್ತದೆ. ಮೋಡ ಕವಿದ ವಾರದಲ್ಲಿ ತಂಡಗಳು ಸಿಕ್ಕಿಬೀಳುವುದು ಇಲ್ಲೇ. ಮೂರನೆಯದು ಬೆಳಕಿನ ಪ್ರಯಾಣ: ಕಾಯ ಭೂಮಿ–ಸೂರ್ಯರ ದೂರದ ಅರ್ಧದಷ್ಟು ದೂರದಲ್ಲಿದ್ದರೆ ನಾವು ನೋಡುವುದು ನಾಲ್ಕು ನಿಮಿಷಕ್ಕೂ ಹಿಂದಿನ ಸ್ಥಾನವನ್ನು, ಅದನ್ನು ಸರಿಪಡಿಸಬೇಕು. ಗೌಸ್ ವಿಧಾನದ ನಡುವೆ ಬರುವ ಎಂಟನೇ ಘಾತದ ಸಮೀಕರಣಕ್ಕೆ ಮೂರರವರೆಗೂ ಧನ ಮೂಲಗಳು ಇರಬಹುದು. ಪ್ರೋಗ್ರಾಮು ಮೊದಲು ಸಿಕ್ಕಿದ್ದನ್ನೇ ಹಿಡಿದು ಹೊರಟರೆ ಇಲ್ಲದ ಕ್ಷುದ್ರಗ್ರಹದ ಕಕ್ಷೆ ಬರುತ್ತದೆ. ಡಿಗ್ರಿಯಲ್ಲಿರುವ ಕೋನವನ್ನು ರೇಡಿಯನ್‌ಗೆ ಬದಲಿಸದೆ ಸೈನ್ ಹಾಕುವ ತಪ್ಪಂತೂ ಪ್ರತಿ ತಂಡದವರೂ ಒಮ್ಮೆಯಾದರೂ ಹುಡುಕಬೇಕಾದದ್ದು.

ಅಳೆದ ಸ್ಥಾನಗಳು ಕ್ಷುದ್ರಗ್ರಹಗಳ ಅಂತರರಾಷ್ಟ್ರೀಯ ದಾಖಲೆ ಇಡುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಹೋಗುತ್ತವೆ. ಆ ಅಂಕಿಗಳನ್ನು ವೃತ್ತಿಪರರು ಬಳಸಬಹುದು. ಇದಕ್ಕಿಂತ ನಿಜವಾದ ಸಂಶೋಧನೆಯನ್ನು ಹದಿನಾರರ ಹುಡುಗರಿಂದ ಕೇಳುವುದು ಸರಿಯಲ್ಲ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡುವ ಶಿಬಿರಕ್ಕೆ ಆಯ್ಕೆಯಾಗಿದ್ದೇನೆ. ಹೋಗುವ ಮುನ್ನ ಏನು ತಯಾರಿ?

ಮಾರ್ಗದರ್ಶಕರ ಗುಂಪು ಇತ್ತೀಚೆಗೆ ಪ್ರಕಟಿಸಿದ ಎರಡು ಪ್ರಬಂಧಗಳನ್ನು ಓದಿ. ಅರ್ಥವಾಗದ ಸಾಲುಗಳ ಪಟ್ಟಿ ಮಾಡಿಕೊಂಡು ಹೋದರೆ ಮೊದಲ ವಾರ ಸಾರ್ಥಕ. ಪುಟಸಂಖ್ಯೆ ಹಾಕಿದ ಹೊಲಿದ ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ಪೆನ್ನಿನಿಂದ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆಯಿರಿ, ಹಾಳೆ ಹರಿಯಬೇಡಿ.

ಆರು ವಾರದ ಶಿಬಿರ ಎಂದರೆ ಕೈಗೆ ಸಿಗುವುದು ನಾಲ್ಕು ವಾರದ ಕೆಲಸ; ಮೊದಲ ವಾರ ಪರಿಚಯಕ್ಕೆ, ಕೊನೆಯದು ವರದಿ ಮತ್ತು ಭಾಷಣಕ್ಕೆ ಹೋಗುತ್ತದೆ. ಹಾಗಾಗಿ ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರ ಬರುವಂಥ ಒಂದು ಸಣ್ಣ ಪ್ರಶ್ನೆಗೆ ಕೆಲಸವನ್ನು ಇಳಿಸಿಕೊಳ್ಳಿ. ಎರಡನೇ ವಾರದ ಕೊನೆಗೂ ಒಂದೇ ಒಂದು ಅಳತೆ ಸಿಕ್ಕಿಲ್ಲವಾದರೆ ಸುಮ್ಮನಿರದೆ ಮಾರ್ಗದರ್ಶಕರಿಗೆ ಹೇಳಿ. ನಿರೀಕ್ಷಿಸಿದ್ದು ಬರಲಿಲ್ಲ ಎಂಬುದೂ ಫಲಿತಾಂಶವೇ, ಹೋಲಿಕೆಗೆ ಇಟ್ಟ ಮಾದರಿ ಸರಿಯಾಗಿ ನಡೆದಿದ್ದರೆ.

ಪ್ರಶ್ನೆ: ಮಗಳು ಯಾವಾಗಲೂ ತರಗತಿಗೆ ಮೊದಲು. ಶಿಬಿರಕ್ಕೆ ಹೋದ ಹತ್ತನೇ ದಿನ ‘ನನಗೇನೂ ಬರುವುದಿಲ್ಲ, ಕರೆದುಕೊಂಡು ಹೋಗಿ’ ಎಂದು ಅಳುತ್ತಿದ್ದಾಳೆ. ಏನು ಮಾಡಲಿ?

ಎರಡನೇ ವಾರ ಇಂಥ ಕುಸಿತ ಬಹಳ ಮಕ್ಕಳಲ್ಲಿ ಕಾಣುವಂಥದ್ದು. ಮೊದಲ ಸಲ ಅವಳ ಸುತ್ತ ಇರುವವರೆಲ್ಲ ಅವರವರ ಶಾಲೆಗೆ ಮೊದಲಿಗರು. ಅದಲ್ಲದೆ ಮೊದಲ ವಾರದ ಹಾಳೆಗಳು ಪೂರ್ತಿ ಮುಗಿಯುತ್ತವೆ, ಎರಡನೇ ವಾರದಿಂದ ಮುಗಿಯುವುದಿಲ್ಲ. ಮುಗಿಯಲೆಂದು ಅವನ್ನು ಬರೆದಿರುವುದೂ ಇಲ್ಲ. ಇದನ್ನು ಯಾರೂ ಹೇಳದಿದ್ದರೆ ಮಗು ತಾನೊಬ್ಬಳೇ ಹಿಂದೆ ಬಿದ್ದೆ ಎಂದುಕೊಳ್ಳುತ್ತದೆ.

ಮೂರು ವಿಷಯ ಕೇಳಿ. ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡುತ್ತಿದ್ದಾಳೆ? ಯಾರ ಜೊತೆ ಕುಳಿತು ಲೆಕ್ಕ ಮಾಡುತ್ತಾಳೆ? ತನ್ನ ಕೌನ್ಸೆಲರ್‌ಗೆ, ಅಂದರೆ ಅಲ್ಲೇ ಉಳಿದು ದಿನವೂ ಉತ್ತರ ತಿದ್ದುವ ಕಾಲೇಜು ವಿದ್ಯಾರ್ಥಿಗೆ, ಈ ಮಾತು ಹೇಳಿದ್ದಾಳೆಯೇ? ಬಹುಪಾಲು ಸಲ ಐದು ಗಂಟೆಯೂ ಇಲ್ಲದ ನಿದ್ದೆ ಮತ್ತು ಒಂಟಿ ಕೂರುವಿಕೆಯೇ ಕಾರಣ. ಏಳೆಂಟು ಗಂಟೆ ನಿದ್ದೆ, ಇಬ್ಬರು ಜೊತೆಗಾರರು, ಹಾಳೆಯಲ್ಲಿ ತನಗೆ ಇಷ್ಟವಾದ ಎರಡು ಲೆಕ್ಕಕ್ಕೆ ಮಾತ್ರ ಗಮನ, ಇಷ್ಟನ್ನು ನಾಲ್ಕು ದಿನ ಮಾಡಿ ನೋಡಲಿ. ದಿನಕ್ಕೆ ನಾಲ್ಕು ಸಲ ಫೋನ್ ಮಾಡಬೇಡಿ, ಅದು ಹಂಬಲವನ್ನು ಹೆಚ್ಚಿಸುತ್ತದೆ. ಆದರೆ ಊಟ ಬಿಟ್ಟಿದ್ದರೆ, ನಿದ್ದೆಯೇ ಬಾರದಿದ್ದರೆ, ಯಾರಾದರೂ ಕಾಡಿಸುತ್ತಿದ್ದರೆ ಅದೇ ದಿನ ಶಿಬಿರದ ಮುಖ್ಯಸ್ಥರೊಡನೆ ಮಾತಾಡಿ. ಬೇಕಾದರೆ ಕರೆದುಕೊಂಡು ಬನ್ನಿ. ಮಗಳಿಗಿಂತ ಯಾವ ಶಿಬಿರವೂ ದೊಡ್ಡದಲ್ಲ.

ಪ್ರಶ್ನೆ: ‘ನಿಮ್ಮ ಮಗ ಆಯ್ಕೆಯಾಗಿದ್ದಾನೆ’ ಎಂದು ನಾವು ಅರ್ಜಿಯನ್ನೇ ಹಾಕದ ಶಿಬಿರದಿಂದ ಪತ್ರ ಬಂದಿದೆ. ದೊಡ್ಡ ವಿಶ್ವವಿದ್ಯಾಲಯದ ಹೆಸರೂ ಇದೆ. ನಂಬಬಹುದೇ?

ವಿಶ್ವವಿದ್ಯಾಲಯವೇ ನಡೆಸುತ್ತದೆಯೇ ಅಥವಾ ಬೇಸಿಗೆಯಲ್ಲಿ ಖಾಲಿಯಿರುವ ಹಾಸ್ಟೆಲ್ಲನ್ನು ಬಾಡಿಗೆಗೆ ಪಡೆದಿದ್ದಾರೆಯೇ, ಮೊದಲು ಕೇಳಿ. ಪಾಠ ಮಾಡುವವರ ಹೆಸರು, ಹಿಂದಿನ ವರ್ಷದ ಒಂದು ದಿನದ ಲೆಕ್ಕದ ಹಾಳೆ, ಒಬ್ಬ ಕೌನ್ಸೆಲರ್‌ಗೆ ಎಷ್ಟು ಮಕ್ಕಳು, ರಾತ್ರಿ ಹುಡುಗರ–ಹುಡುಗಿಯರ ಮಹಡಿಗಳ ಮೇಲ್ವಿಚಾರಣೆ ಯಾರದು, ಹುಷಾರು ತಪ್ಪಿದರೆ ಯಾವ ವೈದ್ಯರು, ಬಾರದಿದ್ದರೆ ಹಣ ವಾಪಸ್ಸಿನ ನಿಯಮ ಏನು, ಇವನ್ನು ಬರವಣಿಗೆಯಲ್ಲಿ ಕೇಳಿ. ಪ್ರವೇಶಕ್ಕೆ ಯಾವ ಲೆಕ್ಕವನ್ನೂ ಕೇಳದ, ಎರಡು ವಾರದಲ್ಲಿ ‘ಪ್ರಕಟಿತ ಸಂಶೋಧನಾ ಪ್ರಬಂಧ’ದ ಭರವಸೆ ಕೊಡುವ ಶಿಬಿರಕ್ಕೆ ನಾವಾದರೆ ಮಗುವನ್ನು ಕಳಿಸುವುದಿಲ್ಲ. ಒಳ್ಳೆಯ ಶಿಬಿರಗಳು ಶುಲ್ಕ ಕಟ್ಟಲಾಗದವರಿಗೆ ನೆರವು ಕೊಡುತ್ತವೆ. ಅರ್ಜಿಯ ಜೊತೆಯಲ್ಲೇ ಕೇಳಬೇಕು, ಆಯ್ಕೆಯಾದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಪ್ರಶ್ನೆ: ಆಯ್ಕೆಯಾಗಲಿಲ್ಲ. ಈ ಬೇಸಿಗೆಯಲ್ಲಿ ಮನೆಯಲ್ಲೇ ಏನಾದರೂ ಮಾಡಬಹುದೇ?

ಮಾಡಬಹುದು. ಮೂರರಿಂದ ಐದು ಮಂದಿ ಸೇರಿ, ವಾರಕ್ಕೆ ಎರಡು ಸಲ, ಎರಡೆರಡು ಗಂಟೆ. ಇನ್ನೂ ಹೆಚ್ಚು ಜನ ಆದರೆ ಇಬ್ಬರು ಮಾತಾಡಿ ಉಳಿದವರು ಕೇಳುತ್ತಾರೆ. ಸಂಖ್ಯಾಸಿದ್ಧಾಂತದ ಒಂದು ಆರಂಭಿಕ ಪುಸ್ತಕ ಹಿಡಿಯಿರಿ. ಓದುವುದಕ್ಕಿಂತ ಅದರ ಲೆಕ್ಕಗಳನ್ನು ಮಾಡಿ. ಪ್ರತಿಯೊಬ್ಬರೂ ಉತ್ತರವನ್ನು ಬರೆದು ತರಬೇಕು, ಇನ್ನೊಬ್ಬರು ಅದನ್ನು ಓದಿ ‘ಇದು ಏಕೆ?’ ಎಂದು ಅಂಚಿನಲ್ಲಿ ಬರೆಯಬೇಕು. ಬಾಯಲ್ಲಿ ಹೇಳಿದ ಸಾಧನೆಗಳಲ್ಲಿ ತೂತು ಕಾಣುವುದಿಲ್ಲ, ಬರೆದಾಗ ಕಾಣುತ್ತದೆ. ಹಲವು ಶಿಬಿರಗಳು ಹಿಂದಿನ ವರ್ಷಗಳ ಪ್ರವೇಶದ ಲೆಕ್ಕಗಳನ್ನು ತಮ್ಮ ಜಾಲತಾಣದಲ್ಲೇ ಇಟ್ಟಿರುತ್ತವೆ, ವಾರಕ್ಕೊಂದನ್ನು ಎತ್ತಿಕೊಳ್ಳಿ. ವಯೋಮಿತಿ ಉಳಿದಿದ್ದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ. ಈ ಸಲದ ಉತ್ತರಗಳ ಪ್ರತಿಯನ್ನು ಎತ್ತಿಡಿ, ಬಿಡಿಸದೆ ಉಳಿದ ಲೆಕ್ಕಗಳಿಂದಲೇ ನಿಮ್ಮ ಗುಂಪಿನ ಮೊದಲ ಸಭೆ ಶುರುಮಾಡಿ.